ಊಟ ಬಿಟ್ಟ ಮೊಲ, ತಿರುಚಿಕೊಂಡ ಲಿವರ್

ಎಲ್ಲರಿಗೂ ನಮಸ್ಕಾರ. ಮೊಲ ಸಾಕಿದವರೂ ಬಂದಿದ್ದೀರಿ, ಈಗಷ್ಟೇ ಪ್ರಾಕ್ಟೀಸ್ ಶುರು ಮಾಡಿದ ವೈದ್ಯರೂ ಬಂದಿದ್ದೀರಿ. ಇಬ್ಬರಿಗೂ ತಿಳಿಯುವ ಹಾಗೆ ಮಾತಾಡ್ತೀನಿ.

ಎರಡು ಕೆಜಿ ತೂಕದ ಒಂದು ಜೋಲುಕಿವಿ ಮೊಲ. ಬೆಳಿಗ್ಗೆ ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದರು. "ಡಾಕ್ಟ್ರೇ, ರಾತ್ರಿಯಿಂದ ಕೊತ್ತಂಬರಿ ಸೊಪ್ಪನ್ನೂ ಮೂಸಿಲ್ಲ, ಹಿಕ್ಕೆನೂ ಹಾಕಿಲ್ಲ" ಅಂದರು. ಇಂಥ ಮೊಲ ಬಂದರೆ ನಮಗೆ ಮೊದಲು ಹೊಳೆಯುವುದು ಗ್ಯಾಸ್, ಕರುಳು ನಿಂತಿದೆ ಅಂತ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಕೆಲವು ವರ್ಷಗಳ ಹಿಂದೆ ಇದೇ ಥರ ಬಂದ ಮೊಲಕ್ಕೆ ನಾನು ಗ್ಯಾಸಿನ ಔಷಧಿ ಕೊಟ್ಟು ಮನೆಗೆ ಕಳಿಸಿದ್ದೆ. ಮಾರನೇ ದಿನ ಅದು ಸತ್ತಿತು. ಹೊಟ್ಟೆ ಬಿಚ್ಚಿ ನೋಡಿದರೆ ಒಳಗೆಲ್ಲ ರಕ್ತ, ಲಿವರ್‌ನ ಒಂದು ಹಾಲೆ, ಅಂದರೆ ಅದರ ಒಂದು ಭಾಗ, ತಿರುಚಿಕೊಂಡು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಾದೆ ಅವತ್ತು ನನಗೆ ನಾಟಿತು.

ಏನಾಗುತ್ತದೆ ಅಂದರೆ, ಮೊಲದ ಲಿವರ್‌ನಲ್ಲಿ ಕಾಡೇಟ್ ಅನ್ನುವ ಹಾಲೆ ತೆಳ್ಳಗಿನ ತೊಟ್ಟಿನಿಂದ ಅಂಟಿಕೊಂಡಿರುತ್ತದೆ. ಬಳ್ಳಿಯಲ್ಲಿ ಕಾಯಿ ತಿರುಗಿದ ಹಾಗೆ ಅದು ತೊಟ್ಟಿನಲ್ಲೇ ತಿರುಗಿಬಿಡಬಹುದು. ಬೇರೆ ಹಾಲೆಗಳೂ ತಿರುಗುತ್ತವೆ, ಆದರೆ ಇದೇ ಜಾಸ್ತಿ. ಸಿರೆಯ ಗೋಡೆ ಮೆತ್ತಗೆ, ಅದು ಮೊದಲು ಮುಚ್ಚಿಕೊಳ್ಳುತ್ತದೆ. ಧಮನಿಯಿಂದ ರಕ್ತ ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಹಾಲೆ ಊದಿಕೊಂಡು, ಸಾಯುತ್ತಾ, ಹೊಟ್ಟೆಯೊಳಗೆ ರಕ್ತ ಸುರಿಸುತ್ತದೆ. ಯಾಕೆ ತಿರುಗುತ್ತದೆ ಅನ್ನುವುದಕ್ಕೆ ಹೆಚ್ಚಿನ ಸಲ ಕಾರಣವೇ ಸಿಗುವುದಿಲ್ಲ. ಜೋಲುಕಿವಿ ತಳಿಗಳಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿದೆ.

ಹಾಗಾಗಿ ಈ ಮೊಲದ ತುಟಿ ಎತ್ತಿ ಒಸಡು ನೋಡಿದೆ. ಬಿಳಿಚಿಕೊಂಡಿತ್ತು, ಒದ್ದೆ ಕಾಗದದ ಹಾಗೆ. ಬರೀ ಗ್ಯಾಸ್ ಆಗಿದ್ದರೆ ಒಸಡು ಇಷ್ಟು ಬಿಳಿಚಲ್ಲ ಅಲ್ವಾ? ಕಾಲಿನ ಸಿರೆಯಿಂದ ರಕ್ತ ತೆಗೆದು ಯಂತ್ರದಲ್ಲಿ ಗಿರ್ರನೆ ತಿರುಗಿಸಿದೆವು. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು, 21 ಬಂತು. ಆರೋಗ್ಯವಾಗಿರುವ ಮೊಲದಲ್ಲಿ ಅದು ಸಾಮಾನ್ಯವಾಗಿ 30ಕ್ಕಿಂತ ಮೇಲೆ ಇರುತ್ತದೆ. ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಎಲ್‌ಟಿ, ಎಎಸ್‌ಟಿ ಎನ್‌ಜೈಮ್‌ಗಳು ಎರಡೂ ಏರಿದ್ದವು. ಒಂದು ಎಚ್ಚರ: ಮೊಲದಲ್ಲಿ ಈ ಎನ್‌ಜೈಮ್‌ಗಳು ಲಿವರ್‌ಗೆ ಮಾತ್ರ ಸೇರಿದವಲ್ಲ, ಎಎಲ್‌ಟಿ ರಕ್ತದಿಂದ ಬೇಗ ಇಳಿದೂ ಹೋಗುತ್ತದೆ. ನಾರ್ಮಲ್ ಬಂತು ಅಂತ ಸುಮ್ನೆ ಕೂರಬೇಡಿ. ಎಕ್ಸ್‌ರೇಯಲ್ಲೂ ಗ್ಯಾಸ್ ಕಂಡು ನಿಮ್ಮ ಮೊದಲ ಅನುಮಾನವನ್ನೇ ಗಟ್ಟಿ ಮಾಡಬಹುದು. ನಿಜ ಹೇಳುವುದು ಅಲ್ಟ್ರಾಸೌಂಡ್. ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿದಾಗ ಊದಿದ ಹಾಲೆಯೊಳಗೆ ರಕ್ತದ ಓಟವೇ ಕಾಣಲಿಲ್ಲ, ಸುತ್ತ ನೀರು ನಿಂತಿತ್ತು. ರಕ್ತನಾಳ ಎದ್ದು ಕಾಣುವ ಕಾಂಟ್ರಾಸ್ಟ್ ಔಷಧಿ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿಸಲು ಸಾಧ್ಯವಿದ್ದರೆ ಇನ್ನೂ ಸ್ಪಷ್ಟವಾಗುತ್ತದೆ.

ಈಗ ಆಪರೇಷನ್. ಮೊದಲು ರಕ್ತದ ಲೆಕ್ಕ ಹಾಕಿ. ಮೊಲಕ್ಕೆ ಒಂದು ಕೆಜಿಗೆ ಸುಮಾರು 60 ಮಿಲಿ ರಕ್ತ. ಎರಡು ಕೆಜಿ ಮೊಲಕ್ಕೆ 120, ಅಂದರೆ ಒಂದು ಕಾಫಿ ಲೋಟದಷ್ಟು. ಅದರಲ್ಲಿ 25-30 ಮಿಲಿ ಹೋದರೇ ಅಪಾಯ. ನಾವು ಅದೇ ಮನೆಯ ಇನ್ನೊಂದು ದೊಡ್ಡ ಮೊಲದಿಂದ ರಕ್ತ ತೆಗೆದು, ಎರಡೂ ರಕ್ತ ಹೊಂದುತ್ತವೆಯೇ ಅಂತ ಕ್ರಾಸ್‌ಮ್ಯಾಚ್ ಮಾಡಿ, ನಿಧಾನಕ್ಕೆ ಹಾಕಿದೆವು. ಮೈ ಬೆಚ್ಚಗೆ ಇಟ್ಟೆವು, ನೋವಿಗೆ ಬ್ಯುಪ್ರೆನಾರ್ಫಿನ್ ಕೊಟ್ಟೆವು. ನಾಯಿ ಬೆಕ್ಕಿನ ಹಾಗೆ ರಾತ್ರಿಯೆಲ್ಲ ಉಪವಾಸ ಕೆಡವಬೇಡಿ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಉಪವಾಸದಿಂದ ಕರುಳೂ ನಿಲ್ಲುತ್ತದೆ, ಲಿವರ್‌ಗೆ ಕೊಬ್ಬೂ ತುಂಬುತ್ತದೆ.

ಎದೆಮೂಳೆಯ ತುದಿಯಿಂದ ಹೊಕ್ಕುಳಿನ ಕಡೆಗೆ ನಡುಗೆರೆಯಲ್ಲಿ ಕೊಯ್ಯಬೇಕು. ಸ್ವಲ್ಪ ಕೆಳಗೇ ಸೀಕಮ್, ಅಂದರೆ ದೊಡ್ಡ ಚೀಲದಂಥ ಕರುಳು ಇದೆ. ಗೋಡೆ ತೆಳು, ಚಾಕು ತಾಗಿದರೆ ಕಥೆ ಮುಗಿಯಿತು. ಹಾಲೆ ಕಂಡ ಕೂಡಲೇ ಅದನ್ನು ಬಿಡಿಸಿ ನೇರ ಮಾಡಬೇಕು ಅಂತ ಕೈ ಹೋಗುತ್ತದೆ. ತಡೆಯಿರಿ. ಸತ್ತ ಹಾಲೆಯಲ್ಲಿ ಕಟ್ಟಿ ನಿಂತ ವಿಷ ಒಂದೇ ಸಲಕ್ಕೆ ಮೈಗೆ ನುಗ್ಗುತ್ತದೆ. ತಿರುಚಿದ ಹಾಗೆಯೇ ತೊಟ್ಟಿಗೆ ದಾರ ಅಥವಾ ಕ್ಲಿಪ್ ಹಾಕಿ, ಆಮೇಲೆ ಕತ್ತರಿಸಿ ತೆಗೆಯಿರಿ. ಒಳಗಿನ ಅಂಗಗಳನ್ನು ಬೆಚ್ಚಗಿನ ಸಲೈನ್‌ನಿಂದ ಒದ್ದೆಯಾಗಿಡಿ, ಮೆಲ್ಲಗೆ ಮುಟ್ಟಿ. ಒರಟಾದರೆ ಮೊಲದ ಹೊಟ್ಟೆಯಲ್ಲಿ ಒಂದಕ್ಕೊಂದು ಬೇಗ ಅಂಟಿಕೊಳ್ಳುತ್ತವೆ. ಪ್ರಾಣಿಯ ಕರುಳಿನಿಂದ ಮಾಡಿದ ಕ್ಯಾಟ್‌ಗಟ್ ದಾರವೂ ಬೇಡ.

ಎಲ್ಲ ಲಿವರ್ ಕಾಯಿಲೆಗೂ ಚಾಕು ಬೇಕಿಲ್ಲ. ಐಮೇರಿಯಾ ಸ್ಟೀಡೆ ಅನ್ನುವ ಪರಾವಲಂಬಿ ಪಿತ್ತನಾಳದೊಳಗೆ ಬೆಳೆದು ಲಿವರ್ ತುಂಬಾ ಬಿಳಿ ಗಂಟು ಮಾಡುತ್ತದೆ, ಮರಿಗಳಿಗೆ ಜಾಸ್ತಿ. ಅದಕ್ಕೆ ಹಿಕ್ಕೆ ಪರೀಕ್ಷೆ, ಔಷಧಿ, ಒಣಗಿದ ಗೂಡು. 1674ರಲ್ಲಿ ಡಚ್ ವಿಜ್ಞಾನಿ ಲೇವೆನ್‌ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಮೊಲದ ಪಿತ್ತರಸ ಇಟ್ಟು ನೋಡಿದ್ದು ಬಹುಶಃ ಇದರದೇ ಮೊಟ್ಟೆಗಳು. ಇನ್ನು 1984ರಲ್ಲಿ ಚೀನಾದಲ್ಲಿ ಮೊದಲು ಗುರುತಿಸಿದ ರಕ್ತಸ್ರಾವದ ವೈರಸ್ ಕಾಯಿಲೆ, ಯುರೋಪಿನ ಕಂದು ಕಾಡುಮೊಲಗಳಿಗೆ ಬರುವ ಅದರ ಸೋದರ ಕಾಯಿಲೆ, ಎರಡೂ ಲಿವರ್ ಅನ್ನೇ ಕೊಲ್ಲುತ್ತವೆ. ಅಲ್ಲಿ ಆಪರೇಷನ್ನಿಗೆ ಜಾಗವೇ ಇಲ್ಲ. ನಮ್ಮ ಕಾಡುಮೊಲ ಗಾಯಗೊಂಡು ಸಿಕ್ಕರೆ ಮನೆಗೆ ತರಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ನಾವು ಆಪರೇಷನ್ ಮಾಡಿದ ಆ ಜೋಲುಕಿವಿ ಮೊಲ ಎಚ್ಚರವಾಗಿ ಮೂರು ಗಂಟೆ ಕಳೆದ ಮೇಲೆ ಸಿರಿಂಜಿನಲ್ಲಿ ಪುಡಿಹುಲ್ಲಿನ ಗಂಜಿ ಕುಡಿಸಲು ಶುರು ಮಾಡಿದೆವು. ಪಿಸಿವಿ ಮತ್ತೆ ಮತ್ತೆ ನೋಡಿದೆವು, ಇಳಿಯಲಿಲ್ಲ. ಎರಡನೇ ರಾತ್ರಿ ಪಂಜರದ ಮೂಲೆಯಲ್ಲಿ ಏಳು ಹಿಕ್ಕೆ ಬಿದ್ದಿತ್ತು, ಚಿಕ್ಕವು, ಗಟ್ಟಿಯಾದವು. ನಾನು ಮನೆಯವರಿಗೆ ರಾತ್ರಿ ಹನ್ನೊಂದಕ್ಕೇ ಫೋನ್ ಮಾಡಿದೆ.