ಕೈಬರಹದಲ್ಲಿ ಬಂದ ಪತ್ರಿಕೆ: ಹಂಗೇರಿಯ ಸೆನ್ಸಾರ್ ಕಥೆ

[ದೃಶ್ಯ: ಶಾಯಿ ಕುಡಿಕೆ, ಲೇಖನಿ, ಮೇಣದ ಬತ್ತಿ]

ಅಚ್ಚಿಗೆ ಹೋಗುವ ಪ್ರತಿ ಸಾಲನ್ನೂ ಮೊದಲು ಸರ್ಕಾರಿ ಅಧಿಕಾರಿ ಓದಬೇಕು. ಅವನು ತಲೆಯಾಡಿಸಿದರೆ ಮಾತ್ರ ಅಚ್ಚು. 1830ರ ದಶಕದ ಹಂಗೇರಿಯ ನಿಯಮ ಇದು. ಆಳುತ್ತಿದ್ದವರು ಹ್ಯಾಪ್ಸ್‌ಬರ್ಗ್ ದೊರೆಗಳು.

ಸರಿ, ಅಚ್ಚೇ ಹಾಕದಿದ್ದರೆ?

ಈ ಪ್ರಶ್ನೆ ಹೊಳೆದದ್ದು ಕೊಶುತ್ ಲಾಯೊಶ್ ಎಂಬ ಯುವ ವಕೀಲನಿಗೆ. (ಹಂಗೇರಿಯವರು ಮನೆತನದ ಹೆಸರನ್ನೇ ಮೊದಲು ಹೇಳುತ್ತಾರೆ.) 1832ರಲ್ಲಿ ಪೊಜೊನ್ಯಿಯ ಸಂಸತ್ತಿಗೆ ಹೋದ. ಆ ಊರೇ ಇಂದಿನ ಬ್ರಾಟಿಸ್ಲಾವಾ. ಗೈರಾದ ದೊಡ್ಡ ಮನುಷ್ಯರೊಬ್ಬರ ಬದಲಿಗೆ ಹೋಗಿದ್ದ, ಮತ ಹಾಕುವ ಹಕ್ಕಿರಲಿಲ್ಲ. ಆದರೆ ಕಿವಿ ಇತ್ತಲ್ಲ! ಚರ್ಚೆಗಳನ್ನೆಲ್ಲ ಬರೆದಿಟ್ಟುಕೊಂಡ. ಕಾನೂನು ಕಲಿಯುತ್ತಿದ್ದ ಹುಡುಗರು ಅದನ್ನು ಕೈಯಲ್ಲೇ ನಕಲು ಮಾಡಿದರು. ಪ್ರತಿಗಳು ಪತ್ರಗಳಾಗಿ ಜಿಲ್ಲೆ ಜಿಲ್ಲೆಗೆ ಹೋದವು. ಅಚ್ಚಾದ ಹಾಳೆ ಅಲ್ಲ, ಸುಮ್ನೆ ಕಾಗದ. ಸೆನ್ಸಾರ್ ಏನು ಮಾಡೀತು? ನಡುವೆ ಕಲ್ಲಚ್ಚಿಗೆ (ಕಲ್ಲಿನ ಮೇಲೆ ಬರೆದು ಪ್ರತಿ ತೆಗೆಯುವ ಮುದ್ರಣ) ಕೈ ಹಾಕಿದಾಗ ಮಾತ್ರ ಸರ್ಕಾರ ತಡೆಯಿತು. ಮತ್ತೆ ಲೇಖನಿ ಹಿಡಿದರು.

1836ರಲ್ಲಿ ಸಂಸತ್ತು ಮುಗಿಯಿತು. ಕೊಶುತ್ ಸುಮ್ಮನಾಗಲಿಲ್ಲ. ಈಗ ಜಿಲ್ಲಾ ಸಭೆಗಳ ವರದಿ ಶುರು. 1837ರಲ್ಲಿ ಬಂಧನ. ಜೈಲಿನಲ್ಲಿ ಶೇಕ್ಸ್‌ಪಿಯರ್ ಓದುತ್ತಾ ಇಂಗ್ಲಿಷ್ ಕಲಿತ. 1840ರಲ್ಲಿ ಬಿಡುಗಡೆ. ಮರುವರ್ಷವೇ ಪೆಶ್ತಿ ಹೀರ್ಲಪ್ ಪತ್ರಿಕೆಯ ಸಂಪಾದಕ! ಅದನ್ನು ಹೊರತಂದವನು ಮುದ್ರಕ ಲಾಂಡೆರರ್. ಈ ಹೆಸರು ನೆನಪಿರಲಿ.

[ದೃಶ್ಯ: ಮಳೆ, ಪೆಶ್ತ್ ನಗರದ ಬೀದಿ]

1848ರ ಮಾರ್ಚ್ 15, ಪೆಶ್ತ್ ನಗರ (ಇಂದಿನ ಬುಡಾಪೆಸ್ಟ್‌ನ ಒಂದು ಭಾಗ). ಕವಿ ಪೆಟೋಫಿ ಮತ್ತು ಗೆಳೆಯರು 12 ಬೇಡಿಕೆಗಳ ಪಟ್ಟಿ ಹಿಡಿದು ನುಗ್ಗಿದ್ದು ಅದೇ ಲಾಂಡೆರರ್‌ನ ಅಚ್ಚುಕೂಟಕ್ಕೆ. ಮೊದಲ ಬೇಡಿಕೆ: ಪತ್ರಿಕಾ ಸ್ವಾತಂತ್ರ್ಯ, ಸೆನ್ಸಾರ್ ರದ್ದು. 'ಯಂತ್ರವನ್ನು ವಶಪಡಿಸಿಕೊಳ್ಳಿ' ಎಂದು ಮುದ್ರಕನೇ ಮೆಲ್ಲಗೆ ಉಸುರಿದನಂತೆ! ಹಾಗಾದರೆ ತನ್ನ ಮೇಲೆ ತಪ್ಪು ಬರಲ್ಲ ಅಲ್ವಾ? ಅನುಮತಿ ಇಲ್ಲದೆ ಹಾಳೆಗಳು ಹೊರಬಂದವು. ಸಂಜೆ ಜನ ಬುದಾ ಬೆಟ್ಟ ಹತ್ತಿ, ಬರೆದ ತಪ್ಪಿಗೆ ಜೈಲಲ್ಲಿದ್ದ ತಾಂಚಿಚ್ ಮಿಹಾಯ್‌ನನ್ನು ಬಿಡಿಸಿ, ಅವನ ಗಾಡಿಯನ್ನು ತಾವೇ ಎಳೆದು ತಂದರು.

ಏಪ್ರಿಲ್ 11ರಂದು ದೊರೆ ಹೊಸ ಕಾನೂನುಗಳಿಗೆ ಸಹಿ ಹಾಕಿದ. ರೈತರ ಬಿಟ್ಟಿ ದುಡಿಮೆ ಹೋಯಿತು, ಶ್ರೀಮಂತರಿಗೂ ತೆರಿಗೆ ಬಂತು, ಸೆನ್ಸಾರ್ ಹೋಯಿತು. ಆದರೆ ರಾಜಕೀಯ ದಿನಪತ್ರಿಕೆ ನಡೆಸಬೇಕೆಂದರೆ ಮುಂಗಡ ಠೇವಣಿ ಕಟ್ಟಬೇಕಿತ್ತು. ಮೊದಲ ಕರಡಿನಲ್ಲಿ ಮೊತ್ತ 20,000 ಫೋರಿಂಟ್ (ಅಲ್ಲಿನ ಹಣ). ಸಿಟ್ಟಿಗೆದ್ದ ಪೆಶ್ತ್‌ನ ಯುವಕರು ಆ ಕರಡನ್ನೇ ಸುಟ್ಟರು. ಅದು 10,000ಕ್ಕೆ ಇಳಿಯಿತು. ಅದೂ ಸಾಮಾನ್ಯ ಪತ್ರಕರ್ತನ ಜೇಬಿಗೆ ಎಟಕುವಂತಿರಲಿಲ್ಲ.