ಮೂವತ್ತೈದು ವರ್ಷಗಳ ನಂತರ ಬಂದ ಎರಡನೇ ಭಾಗ

ನಮಸ್ಕಾರ. ಯಾವುದೋ ಹಳೆಯ ವೈಜ್ಞಾನಿಕ ಚಿತ್ರಕ್ಕೆ ದಶಕಗಳ ನಂತರ ಮುಂದಿನ ಭಾಗ ಬರುತ್ತದೆ ಎಂಬ ಸುದ್ದಿ ಕೇಳಿದಾಗಲೆಲ್ಲ ನನಗೆ ಸಂತೋಷಕ್ಕಿಂತ ಮೊದಲು ಆತಂಕವಾಗುತ್ತದೆ. ಹಳೆಯ ನಾಯಕನನ್ನು ಕರೆತಂದು, ಹಳೆಯ ಸಂಭಾಷಣೆಯನ್ನೇ ಮತ್ತೊಮ್ಮೆ ಹೇಳಿಸಿ, ನಮ್ಮ ನೆನಪುಗಳನ್ನು ನಮಗೇ ಮಾರುತ್ತಾರೇನೋ ಎಂಬ ಆತಂಕ ಅದು. ಅದನ್ನು ಸುಳ್ಳು ಮಾಡಿದ ಒಂದು ಚಿತ್ರವೆಂದರೆ 2017ರಲ್ಲಿ ಡೆನಿಸ್ ವಿಲ್ನೂವ್ ನಿರ್ದೇಶಿಸಿದ ‘ಬ್ಲೇಡ್ ರನ್ನರ್ 2049’.

ರಿಡ್ಲಿ ಸ್ಕಾಟ್ ನಿರ್ದೇಶಿಸಿದ ಮೊದಲ ಭಾಗ ‘ಬ್ಲೇಡ್ ರನ್ನರ್’ 1982ರ ಜೂನ್‌ನಲ್ಲಿ ತೆರೆಕಂಡಾಗ, ಅದೇ ತಿಂಗಳು ಬಂದಿದ್ದ ‘ಇ.ಟಿ.’ಯ ಅಬ್ಬರದಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಆಮೇಲೆ, 1992 ಮತ್ತು 2007ರ ಮರುಸಂಕಲಿತ ಆವೃತ್ತಿಗಳು ಬರುವ ಹೊತ್ತಿಗೆ, ಒಂದು ಪ್ರಶ್ನೆ ಅಭಿಮಾನಿಗಳನ್ನು ಬಿಡದೆ ಕಾಡತೊಡಗಿತ್ತು: ರೆಪ್ಲಿಕೆಂಟ್ ಎಂಬ ಕೃತಕ ಮನುಷ್ಯರನ್ನು ಬೇಟೆಯಾಡುವ ಡೆಕರ್ಡ್ ಸ್ವತಃ ರೆಪ್ಲಿಕೆಂಟೇ? ಸ್ಕಾಟ್ ಹೌದೆನ್ನುತ್ತಿದ್ದರು, ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ ಬಹುಕಾಲ ಅಲ್ಲವೆಂದೇ ವಾದಿಸಿದರು. ಎರಡನೇ ಭಾಗ ಇದಕ್ಕೆ ಉತ್ತರ ಕೊಡಲಿಲ್ಲ. ಅದು ನನ್ನ ಮಟ್ಟಿಗೆ ಆ ಚಿತ್ರದ ಮೊದಲ ದೊಡ್ಡ ವಿವೇಕ.

ಎರಡನೆಯದು ಇನ್ನೂ ಆಳದ್ದು. ಸೆರೆಸಿಕ್ಕ ಮುದುಕ ಡೆಕರ್ಡ್‌ನ ಮುಂದೆ, ಮೊದಲ ಭಾಗದಲ್ಲಿ ಅವನು ಪ್ರೀತಿಸಿದ್ದ ರೇಚಲ್ ಬಂದು ನಿಲ್ಲುವ ದೃಶ್ಯವನ್ನು ನೆನಪಿಸಿಕೊಳ್ಳಿ. ಅದೇ ಕೇಶವಿನ್ಯಾಸ, ಅದೇ ಉಡುಪು, 1982ರಲ್ಲಿ ನಾವು ಕಂಡ ಅದೇ ಎಳೆಯ ಮುಖ. ಕಂಪ್ಯೂಟರ್‌ನಲ್ಲಿ ಕಟ್ಟಿದ ಆ ಮುಖ ಎಷ್ಟು ನಿಖರವಾಗಿದೆಯೆಂದರೆ ಒಂದು ಕ್ಷಣ ನಾವೂ ನಂಬುತ್ತೇವೆ. ಡೆಕರ್ಡ್‌ನ ಮುಖ ಕಂಪಿಸುತ್ತದೆ, ಕಣ್ಣು ತೇವಗೊಳ್ಳುತ್ತದೆ. ಆದರೂ ಅವಳ ಕಣ್ಣುಗಳು ಹಸಿರಾಗಿದ್ದವು ಎಂದಷ್ಟೇ ಹೇಳಿ ಅವನು ಬೆನ್ನು ತಿರುಗಿಸುತ್ತಾನೆ. ಹಳೆಯದರ ನಕಲನ್ನು ಮುಂದಿಟ್ಟು ಆಸೆ ತೋರಿಸುವ ಆ ಕೊಡುಗೆಯನ್ನು, ಅದನ್ನು ಪಡೆಯಲು ಅತಿ ಹೆಚ್ಚು ಹಂಬಲಿಸಿದ್ದವನೇ ನಿರಾಕರಿಸುತ್ತಾನೆ.

ಇದರ ಪಕ್ಕದಲ್ಲಿ 2019ರ ‘ಟರ್ಮಿನೇಟರ್: ಡಾರ್ಕ್ ಫೇಟ್’ ಇಟ್ಟು ನೋಡಿದರೆ ನನಗೆ ಬೇಸರವಾಗುತ್ತದೆ. ಅಲ್ಲಿಯೂ ಕಂಪ್ಯೂಟರ್ ಹಳೆಯ ಮುಖಗಳಿಗೆ ಯೌವನ ಮರಳಿಸಿತು. ಆದರೆ ಅದನ್ನು ಬಳಸಿದ್ದು, 1991ರ ‘ಟರ್ಮಿನೇಟರ್ 2’ ಚಿತ್ರವಿಡೀ ಒಬ್ಬ ತಾಯಿ ಕಾಪಾಡಿದ್ದ ಹುಡುಗನನ್ನು ಆರಂಭದ ನಿಮಿಷಗಳಲ್ಲೇ ಕೊಂದುಹಾಕಲು. ಹೊಸ ಕಥೆಗೆ ಜಾಗ ಮಾಡಲು ಹಳೆಯ ಕಥೆಯ ಅರ್ಥವನ್ನೇ ಅಳಿಸಬೇಕಿರಲಿಲ್ಲ.

ವಿಲ್ನೂವ್ ಅವರ ಚಿತ್ರದಲ್ಲಿ ರಯಾನ್ ಗಾಸ್ಲಿಂಗ್ ಅಭಿನಯಿಸಿದ ‘ಕೆ’ ಕೂಡ ರೆಪ್ಲಿಕೆಂಟ್. ತನ್ನ ಬಾಲ್ಯದ ನೆನಪಿನಲ್ಲಿದ್ದ ಪುಟ್ಟ ಮರದ ಕುದುರೆ ಅನಾಥಾಲಯದ ಕುಲುಮೆಯ ಬೂದಿಯೊಳಗೆ ನಿಜವಾಗಿ ಸಿಕ್ಕಾಗ, ಡೆಕರ್ಡ್ ಮತ್ತು ರೇಚಲ್‌ಗೆ ಹುಟ್ಟಿ ಕಣ್ಮರೆಯಾದ ಮಗು ತಾನೇ ಎಂದು ಅವನು ನಂಬುತ್ತಾನೆ. ಅವನ ಜೊತೆ ನಾವೂ ನಂಬುತ್ತೇವೆ, ಏಕೆಂದರೆ ಇಂಥ ಚಿತ್ರಗಳಲ್ಲಿ ಹೊಸ ನಾಯಕ ಹಳೆಯ ನಾಯಕನ ವಾರಸುದಾರನಾಗುವುದೇ ವಾಡಿಕೆ. ಆದರೆ ಆ ನೆನಪು ಅವನದಲ್ಲ, ಡೆಕರ್ಡ್‌ನ ನಿಜವಾದ ಮಗಳದು. ಹಾಗೆಂದು ತಿಳಿದ ಮೇಲೂ ಅವನು ತಂದೆಯನ್ನು ಮಗಳ ಬಾಗಿಲಿಗೆ ತಲುಪಿಸುತ್ತಾನೆ.

ಗಲ್ಲಾಪೆಟ್ಟಿಗೆ ಇದಕ್ಕೂ ಒಲಿಯಲಿಲ್ಲ. ಹದಿಮೂರು ಬಾರಿ ನಾಮನಿರ್ದೇಶನಗೊಂಡೂ ಬರಿಗೈಯಲ್ಲಿ ಮರಳಿದ್ದ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಅವರಿಗೆ ಮಾತ್ರ ಇದೇ ಚಿತ್ರ ಮೊದಲ ಆಸ್ಕರ್ ತಂದುಕೊಟ್ಟಿತು. ನೋಡಿಲ್ಲದವರು ಮೊದಲು 1982ರದ್ದನ್ನು, 2007ರ ಆವೃತ್ತಿಯಲ್ಲಿಯೇ, ನೋಡಿ. ಆಮೇಲೆ ಒಂದೆರಡು ದಿನ ಬಿಟ್ಟು ಇದನ್ನು ನೋಡಿ. ಕೊನೆಗೆ ಹಿಮ ಬೀಳುವ ಮೆಟ್ಟಿಲುಗಳ ಮೇಲೆ ‘ಕೆ’ ಒರಗಿದಾಗ ಕೇಳಿಬರುವ ಸಂಗೀತ ಯಾವ ದೃಶ್ಯದ್ದೆಂದು ನಿಮಗೇ ತಿಳಿಯುತ್ತದೆ.