ಯಾರ್ಕ್ ನಗರದ ಕಾಲಡಿಯಲ್ಲಿರುವ ರೋಮನ್ ಕೋಟೆ

ಕೇಳುಗರಿಗೆ ನಮಸ್ಕಾರ. ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗುವ ನಮ್ಮ ಹಿರಿಯರಲ್ಲಿ ಹಲವರು ಯಾರ್ಕ್ ನಗರವನ್ನೂ ನೋಡಿ ಬರುತ್ತಾರೆ. ಅಲ್ಲಿನ ಉದ್ಯಾನದಲ್ಲಿರುವ ಬಹುಕೋನ ಗೋಪುರದ ಮುಂದೆ ಫೋಟೋ ತೆಗೆಸಿಕೊಂಡು, ರೋಮನ್ ಕೋಟೆಯನ್ನು ನೋಡಿಯಾಯಿತೆಂದು ಹೊರಟುಬಿಡುತ್ತಾರೆ. ಆ ಗೋಪುರದ ಮೇಲ್ಭಾಗವನ್ನು ಕಟ್ಟಿದವರು ಮಧ್ಯಯುಗದವರು. ಕೆಳಗೆ ಸಣ್ಣ ಕಲ್ಲುಗಳ ಸಾಲುಗಳ ನಡುವೆ ಕೆಂಪು ಇಟ್ಟಿಗೆಯ ಪಟ್ಟಿ ಕಾಣುವ ಭಾಗ ಮಾತ್ರ ರೋಮನ್ನರದು. ದಯವಿಟ್ಟು ಅಲ್ಲಿಗೇ ನಿಲ್ಲಿಸಬೇಡಿ. ಕೋಟೆ ಇರುವುದು ನಿಮ್ಮ ಕಾಲಡಿಯಲ್ಲಿ.

ಕ್ರಿ.ಶ. 71ರಲ್ಲಿ ರೋಮನ್ ಸೇನೆಯ ಒಂಬತ್ತನೆಯ ಲೀಜನ್, ಅಂದರೆ ಸಾವಿರಾರು ಸೈನಿಕರ ಒಂದು ದೊಡ್ಡ ದಳ, ಊಸ್ ನದಿಯ ದಡದಲ್ಲಿ ಸುಮಾರು 50 ಎಕರೆ ವಿಸ್ತಾರದ, ಮೂಲೆಗಳು ದುಂಡಗಿದ್ದ ಆಯತಾಕಾರದ ಕೋಟೆಯನ್ನು ಕಟ್ಟಿತು. ಅದರ ಹೆಸರು ಎಬೊರಾಕಮ್. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ 211ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. 306ರಲ್ಲಿ ಸೈನಿಕರು ಕಾನ್‌ಸ್ಟಂಟೈನನನ್ನು ಚಕ್ರವರ್ತಿಯೆಂದು ಘೋಷಿಸಿದ್ದೂ ಇಲ್ಲಿಯೇ.

ಈಗ ನನಗೆ ಅತ್ಯಂತ ಪ್ರಿಯವಾದ ಸಂಗತಿಯನ್ನು ಹೇಳಲೇಬೇಕು. ಊರಿನ ನಡುವೆ ಯಾರ್ಕ್ ಮಿನ್‌ಸ್ಟರ್ ಎಂಬ ಬೃಹತ್ ಚರ್ಚ್ ಇದೆ. ಸುಮಾರು 16,000 ಟನ್ ತೂಕದ ಅದರ ನಡುಗೋಪುರ ಕುಸಿಯುವ ಅಪಾಯದಲ್ಲಿದೆಯೆಂದು 1967ರಲ್ಲಿ ತಿಳಿದುಬಂತು. ತಳಪಾಯವನ್ನು ಕಾಂಕ್ರೀಟಿನಿಂದಲೂ ಉಕ್ಕಿನ ಸರಳುಗಳಿಂದಲೂ ಬಲಪಡಿಸಲು ಎಂಜಿನಿಯರುಗಳು ನೆಲ ಅಗೆಯತೊಡಗಿದರು. ಅವರ ಜೊತೆಗೇ, ಅವರ ಅವಸರಕ್ಕೆ ತಕ್ಕಂತೆ, ಪುರಾತತ್ವಜ್ಞರೂ ಗುಂಡಿಗೆ ಇಳಿದರು. ಅಲ್ಲಿ ಸಿಕ್ಕಿದ್ದು ಲೀಜನ್ನಿನ ಕೇಂದ್ರ ಕಚೇರಿಯೇ! ಅದರ ಮಹಾಸಭಾಂಗಣದ ಗೋಡೆಗಳು, ಬಣ್ಣದ ಚಿತ್ರಗಳಿದ್ದ ಗಾರೆ, ಬಿದ್ದಲ್ಲೇ ಉಳಿದಿದ್ದ ಒಂದು ಭಾರಿ ಕಂಬ, ಎಲ್ಲವೂ ಮಣ್ಣಿನಿಂದ ಹೊರಬಂದವು. ಚರ್ಚು ಪೂರ್ವ–ಪಶ್ಚಿಮವಾಗಿ ನಿಂತಿದ್ದರೆ ಕೋಟೆಯ ಕಟ್ಟಡಗಳು ಓರೆಯಾಗಿ ಹಾದುಹೋಗುತ್ತವೆ. ಒಂದರ ಮೇಲೊಂದು ಹೀಗೆ ಅಡ್ಡಡ್ಡ ಕುಳಿತಿರುವುದನ್ನು ಕಂಡಾಗ ನನಗೆ ಆದ ಸಂತೋಷವನ್ನು ಎಷ್ಟು ಹೇಳಿದರೂ ಸಾಲದು. ಗೋಪುರ ಗಟ್ಟಿಯಾಗಿದ್ದಿದ್ದರೆ ಆ ನೆಲವನ್ನು ಅಷ್ಟು ಆಳಕ್ಕೆ ಅಗೆಯಲು ಯಾರು ತಾನೇ ಒಪ್ಪುತ್ತಿದ್ದರು? ಆ ಕಂಬವನ್ನು 1971ರಲ್ಲಿ, ಊರಿನ 1,900ನೆಯ ವರ್ಷದ ನೆನಪಿಗೆ, ಚರ್ಚಿನ ದಕ್ಷಿಣ ಬಾಗಿಲಿನ ಎದುರಿಗೆ ನಿಲ್ಲಿಸಿದರು. ತಲೆಕೆಳಗಾಗಿ ನಿಲ್ಲಿಸಿದ್ದಾರೆಂಬ ಮಾತು ಊರಿನಲ್ಲಿದೆ.

ನನಗೆ ಕೊಟ್ಟ ಸಮಯದ ಬಹುಪಾಲನ್ನು ಈ ಒಂದು ಗುಂಡಿಯೇ ನುಂಗಿತು. ಚರ್ಚ್ ಸ್ಟ್ರೀಟಿನ ಕೆಳಗೆ 1972ರಲ್ಲಿ ಸಿಕ್ಕ ರೋಮನ್ನರ ಕಲ್ಲಿನ ಒಳಚರಂಡಿಯನ್ನೂ, ಒಂದು ಪಬ್ಬಿನ ನೆಲಮಾಳಿಗೆಯಲ್ಲಿರುವ ಅವರ ಸ್ನಾನಗೃಹವನ್ನೂ ಹೆಸರಿಸಿ ಮುಂದೆ ಹೋಗುತ್ತೇನೆ. ಬೀದಿಗಳ ವಿಷಯವನ್ನು ಮಾತ್ರ ಬಿಡಲಾರೆ. ಇಂದಿನ ಸ್ಟೋನ್‌ಗೇಟ್ ಮತ್ತು ಪೀಟರ್‌ಗೇಟ್ ಎಂಬ ಅಂಗಡಿಬೀದಿಗಳು ಸಾಗುವುದು ಕೋಟೆಯ ಎರಡು ಮುಖ್ಯ ರಸ್ತೆಗಳ ಜಾಡಿನಲ್ಲೇ. ಬೂತಮ್ ಬಾರ್ ಎಂಬ ಹೆಬ್ಬಾಗಿಲು ನಿಂತಿರುವುದು ಕೋಟೆಯ ಒಂದು ಬಾಗಿಲಿದ್ದ ಜಾಗದಲ್ಲೇ. ಇನ್ನೊಮ್ಮೆ ಹೇಳುತ್ತೇನೆ, ಕೋಟೆ ಇರುವುದು ಕಾಲಡಿಯಲ್ಲಿ. ಆದ್ದರಿಂದ ಸೇಂಟ್ ಹೆಲೆನ್ಸ್ ಚೌಕದಿಂದ ಹೊರಟು ಸ್ಟೋನ್‌ಗೇಟಿನಲ್ಲಿ ನಡೆಯುತ್ತ ಮಿನ್‌ಸ್ಟರಿಗೆ ಬನ್ನಿ. ಒಳಹೊಕ್ಕ ಮೇಲೆ, ಗೋಪುರದ ಮೆಟ್ಟಿಲು ಹತ್ತುವ ಮೊದಲು, ನೆಲಮಾಳಿಗೆಯ ಮೆಟ್ಟಿಲು ಇಳಿಯಿರಿ. ನಮಸ್ಕಾರ.